ದಮ್ಮಾಮ್‌ನಿಂದ ಜಿದ್ದಾವರೆಗೆ: ಸೌದಿಯ ಏರಿಳಿತವನ್ನು ನಾನೇ ಬರೆದುಕೊಂಡಿದ್ದು

ನಾನು ಭಟ್ಕಳದವನು. ಮರಳುಗಾಡು ಎಂದರೆ ಕಾವಲಿಯ ಹಾಗೆ ಚಪ್ಪಟೆ ಎಂದುಕೊಂಡೇ ದಮ್ಮಾಮ್‌ಗೆ ಕೆಲಸಕ್ಕೆ ಬಂದೆ. ಐದು ವರ್ಷ ಹಾಗೇ ಅಂದುಕೊಂಡಿದ್ದೆ. ಗೆಳೆಯರು ಉಮ್ರಾಕ್ಕೆ, ಅಂದರೆ ಮೆಕ್ಕಾ ಯಾತ್ರೆಗೆ, ಕಾರಿನಲ್ಲೇ ಹೋಗೋಣ ಎಂದಾಗ, ದಾರಿಯುದ್ದಕ್ಕೂ ಎತ್ತರ ಬರೆದುಕೊಳ್ಳಬೇಕು ಅನಿಸಿತು. 40ನೇ ಹೆದ್ದಾರಿ ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ ದೇಶದ ನಡುವೆ ಹಾಯುತ್ತದೆ. ಸುಮಾರು 1,350 ಕಿ.ಮೀ. ನೆಲದ ಏರಿಳಿತ ಬರೆಯಲು ಇದಕ್ಕಿಂತ ಒಳ್ಳೆಯ ಗೆರೆ ಎಲ್ಲಿ ಸಿಗುತ್ತದೆ?

ಗೆಳೆಯರು ಕಾರು ಓಡಿಸಿದರು, ನಾನು 20 ಕಿ.ಮೀ.ಗೊಮ್ಮೆ ಬರೆದೆ. ಮೊದಲ ತೊಡಕು ದಮ್ಮಾಮ್ ಕಡಲ ದಂಡೆಯಲ್ಲೇ ಬಂತು. ನೀರಿನ ಪಕ್ಕ ನಿಂತಿದ್ದರೂ ಫೋನ್ ಮೈನಸ್ ಇಪ್ಪತ್ತು ಚಿಲ್ಲರೆ ಮೀಟರ್ ತೋರಿಸುತ್ತಿತ್ತು. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯ ಒಂದು ಗಣಿತದ ಆಕಾರದಿಂದ, ನಿಜವಾದ ಸಮುದ್ರಮಟ್ಟದಿಂದ ಅಲ್ಲ. ಅದನ್ನು ಸಮುದ್ರಮಟ್ಟಕ್ಕೆ ಸರಿಪಡಿಸಿ ಕೊಡುವ ಆ್ಯಪ್ ಹಾಕಿಕೊಂಡ ಮೇಲೆಯೇ ಹೊರಟೆವು. ನೀವೂ ಮಾಡುವುದಾದರೆ ಮೊದಲು ಕಡಲ ಬದಿಯಲ್ಲಿ ನಿಂತು ನೋಡಿಕೊಳ್ಳಿ.

ಪೂರ್ವದ ಕರಾವಳಿ ತಗ್ಗು. ಅಲ್ಲಲ್ಲಿ ಸಬ್ಖಾ, ಅಂದರೆ ಉಪ್ಪು ಹೆಪ್ಪುಗಟ್ಟಿದ ಬಯಲು. ಆಮೇಲೆ ಸುಮ್ಮಾನ್ ಎಂಬ ಸುಣ್ಣಕಲ್ಲಿನ ಗಟ್ಟಿ ನೆಲ. ಅದು ದಾಟಿದ ಮೇಲೆ ದಹನಾ. ಕೆಂಪು ಮರಳಿನ ಈ ಪಟ್ಟಿ ಉತ್ತರದ ನಫೂದ್‌ನಿಂದ ದಕ್ಷಿಣದ ರುಬ್ ಅಲ್ ಖಾಲಿವರೆಗೆ, ಎರಡು ದೊಡ್ಡ ಮರಳುಗಾಡುಗಳ ನಡುವೆ, ಸಾವಿರ ಕಿ.ಮೀ.ಗೂ ಜಾಸ್ತಿ ಉದ್ದ ಚಾಚಿದೆ. ಆದರೆ ಅಗಲ ಕಡಿಮೆ, ಕಾರಿನಲ್ಲಿ ಬೇಗ ಮುಗಿದುಬಿಡುತ್ತದೆ. ಕಣದ ಮೇಲಿನ ಕಬ್ಬಿಣದ ತುಕ್ಕಿನಿಂದ ಆ ಬಣ್ಣ. ನಾವು ಚಿತ್ರದಲ್ಲಿ ಕಂಡ ಮರಳುಗಾಡು ಇಡೀ ದಾರಿಯಲ್ಲಿ ಸ್ವಲ್ಪವೇ!

ರಿಯಾದ್‌ನಲ್ಲಿ ಸುಮಾರು 600 ಮೀಟರ್. ನಗರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನೆಲ ತಟ್ಟನೆ ಕಡಿದುಹೋಯಿತು. ಅದು ತುವೈಕ್. ಸುಮಾರು 800 ಕಿ.ಮೀ. ಉದ್ದದ ಸುಣ್ಣಕಲ್ಲಿನ ಗೋಡೆ. ಪಶ್ಚಿಮಕ್ಕೆ ಕಡಿದಾದ ಮುಖ, ಪೂರ್ವಕ್ಕೆ ನಿಧಾನದ ಇಳಿಜಾರು. ಅಲ್ಲಿ ಗಾಡಿ ನಿಲ್ಲಿಸಿ ತುಂಬಾ ಹೊತ್ತು ನೋಡಿದೆ. ಕಲ್ಲಿನ ಪದರಗಳು ಪುಸ್ತಕದ ಹಾಳೆಗಳ ಹಾಗೆ ಪೂರ್ವಕ್ಕೆ ವಾಲಿಕೊಂಡಿವೆ. ಈ ವಾಲುವಿಕೆ ತಿಳಿದರೆ ಪೂರ್ವದ ಅಲ್ ಅಹ್ಸಾ ಓಯಸಿಸ್‌ನ ಖರ್ಜೂರದ ತೋಟಗಳೂ ತಿಳಿಯುತ್ತವೆ. ಸಾವಿರಾರು ವರ್ಷಗಳ ಹಿಂದೆ ಮಳೆ ಜಾಸ್ತಿ ಇದ್ದ ಕಾಲದಲ್ಲಿ ಬಿದ್ದ ನೀರು ಹೀಗೆ ವಾಲಿದ ಪದರಗಳಲ್ಲಿ ಇಂಗಿ, ಪೂರ್ವಕ್ಕೆ ಸರಿದು, ಅಲ್ಲಿ ಬುಗ್ಗೆಯಾಗಿ ಎದ್ದಿತು. ಈಗ ಅದನ್ನು ಪಂಪ್ ಹಾಕಿ ಎತ್ತುತ್ತಾರೆ. ಹೊಸ ಮಳೆ ಅದನ್ನು ತುಂಬಿಸಲಾರದು. ವರ್ಷವಿಡೀ ಹರಿಯುವ ಒಂದೂ ಹೊಳೆಯಿಲ್ಲದ ದೇಶ ಇದು. ಕುಡಿಯುವ ನೀರು ಚೆಲ್ಲುವಾಗ ಈಗ ನನಗೆ ಆ ಗೋಡೆ ನೆನಪಾಗುತ್ತದೆ.

ತುವೈಕ್ ಇಳಿದ ಮೇಲೂ ನಜ್ದ್, ಅಂದರೆ ದೇಶದ ನಡುವಿನ ಪ್ರಸ್ಥಭೂಮಿಯೇ. ಸ್ವಲ್ಪ ಮುಂದಕ್ಕೆ ಸುಣ್ಣಕಲ್ಲು ಮುಗಿದು, ತುಂಬಾ ಹಳೆಯ ಗಟ್ಟಿ ಬಂಡೆಗಳ ನೆಲ. ಇಲ್ಲಿ ರಸ್ತೆ ಚಪ್ಪಟೆಯೇ ಎಂದು ಯಾರೂ ಆಣೆ ಮಾಡಿ ಹೇಳಬಹುದು. ನನ್ನ ಪಟ್ಟಿ ಮಾತ್ರ ಬೇರೆ ಹೇಳುತ್ತಿತ್ತು: 800, 900, 1,000. ನೂರಾರು ಕಿ.ಮೀ. ನಾವು ಗೊತ್ತೇ ಆಗದೆ ಏರುತ್ತಿದ್ದೆವು. ತಾಯಿಫ್ ಹತ್ತಿರ 1,700 ದಾಟಿತು. ಗಾಳಿ ತಣ್ಣಗಾಯಿತು.

ವಾದಿ ಮಹ್ರಮ್‌ನಲ್ಲಿ ಇಹ್ರಾಮ್, ಅಂದರೆ ಯಾತ್ರೆಯ ಬಿಳಿ ಬಟ್ಟೆ, ಕಟ್ಟಿಕೊಂಡು ಅಲ್ ಹದಾ ಘಾಟಿಗೆ ಬಂದೆವು. ಕಾಲ ಕೆಳಗೆ ಭೂಮಿ ಇಲ್ಲವೇನೋ ಅನ್ನುವ ಹಾಗೆ ಇತ್ತು. ತಿರುವುಗಳಲ್ಲಿ ಬಬೂನ್ ಮಂಗಗಳು ಕೂತಿದ್ದವು. ಕೋಗಾರು ಘಾಟಿ ಇಳಿದು ಮನೆಗೆ ಹೋಗುವಾಗಿನ ಭಾವವೇ ಬಂತು, ಕಾಡೊಂದು ಇರಲಿಲ್ಲ. ಆಕಾರ ನಮ್ಮದೇ ಅಲ್ವಾ? ಪಶ್ಚಿಮಕ್ಕೆ ಕಿರಿದಾದ ಕರಾವಳಿ, ಅದರ ಬೆನ್ನಿಗೆ ಘಟ್ಟ, ಆಚೆಗೆ ಪೂರ್ವಕ್ಕೆ ಇಳಿಯುವ ಪ್ರಸ್ಥಭೂಮಿ. ಇಲ್ಲಿ ಅರೇಬಿಯಾದ ನೆಲ ಆಫ್ರಿಕಾದಿಂದ ಬಿರಿದು ದೂರ ಸರಿದಾಗ ಕೆಂಪು ಸಮುದ್ರ ತೆರೆದುಕೊಂಡಿತು, ಬಿರುಕಿನ ಅಂಚು ಮೇಲೆದ್ದಿತು.

ಮನೆಗೆ ಬಂದು ಗ್ರಾಫ್ ಹಾಳೆಗಳನ್ನು ಅಂಟಿಸಿದೆ. 10 ಕಿ.ಮೀ.ಗೆ 1 ಸೆಂ.ಮೀ. ಇಟ್ಟರೆ ಹಾಳೆ 135 ಸೆಂ.ಮೀ. ಉದ್ದವಾಯಿತು. ಎತ್ತರಕ್ಕೂ ಅದೇ ಅಳತೆ ಇಟ್ಟಿದ್ದರೆ ತಾಯಿಫ್ 2 ಮಿ.ಮೀ. ಕೂಡ ಬರುತ್ತಿರಲಿಲ್ಲ. ಅದಕ್ಕೇ ಎತ್ತರವನ್ನು ನೂರು ಪಟ್ಟು ಹಿಗ್ಗಿಸಿ, 100 ಮೀಟರ್‌ಗೆ 1 ಸೆಂ.ಮೀ. ಇಟ್ಟೆ. ದಮ್ಮಾಮ್‌ನಿಂದ ಪೆನ್ಸಿಲ್ ಮೆಲ್ಲಗೆ ಏರುತ್ತಾ ಹೋಯಿತು, ತುವೈಕ್‌ನಲ್ಲಿ ಒಮ್ಮೆ ಎಡವಿತು, ಮತ್ತೆ ಏರಿತು. ಅಲ್ ಹದಾದಲ್ಲಿ ಎರಡೇ ಸೆಂ.ಮೀ. ಜಾಗದಲ್ಲಿ ಹತ್ತಕ್ಕೂ ಹೆಚ್ಚು ಸೆಂ.ಮೀ. ಕೆಳಗೆ ಎಳೆಯಬೇಕಾಯಿತು. ಮುಂದಿನ ರಜೆಗೆ ಊರಿಗೆ ಹೋದಾಗ ಭಟ್ಕಳದಿಂದ ಸಾಗರಕ್ಕೂ ಇದೇ ಅಳತೆಯಲ್ಲಿ ಬರೆಯುತ್ತೇನೆ.