ಕೆಂಪು ಹೊಲಕ್ಕೆ ಕೆರೆಗೋಡು: ಮಳೆ ನೀರು ಮಣ್ಣಲ್ಲೇ ನಿಲ್ಲಿಸಿಕೊಳ್ಳುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕೆಂಪು ಹೊಲಗಳಲ್ಲಿ ರಾಗಿ ಒಣಗುವುದಕ್ಕೆ ಮಳೆ ಕೊರತೆಯೊಂದೇ ಕಾರಣ ಅಲ್ಲ. ಬಿದ್ದ ಮಳೆಯೂ ಮಣ್ಣಲ್ಲಿ ನಿಲ್ಲುವುದಿಲ್ಲ. ಮರಳು ಜಾಸ್ತಿ, ಜೇಡಿ ಕಡಿಮೆ. ಒಂದಿಷ್ಟು ನೀರು ಮೇಲೇ ಹರಿದುಹೋಗುತ್ತದೆ, ಒಂದಿಷ್ಟು ಬೇರಿಗೆ ಸಿಗದಷ್ಟು ಆಳಕ್ಕೆ ಇಳಿಯುತ್ತದೆ. ನಡುವೆ ಎರಡು ವಾರ ಮಳೆ ಕೈಕೊಟ್ಟರೆ ಪೈರು ಬಾಡುತ್ತದೆ.

ಮಣ್ಣು ಸುಧಾರಿಸುವ ಪುಡಿ, ಹರಳುಗಳು ಈಗ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವಕ್ಕೆ ದುಡ್ಡು ಹಾಕುವ ಮೊದಲು ಊರ ಕೆರೆ ನೋಡಿ. ಹೊಲಗಳಿಂದ ಕೊಚ್ಚಿಹೋದ ನುಣ್ಣನೆಯ ಜೇಡಿ ಮತ್ತು ಕೊಳೆತ ಎಲೆ ಕಸ ಅಲ್ಲೇ ಕೂತಿದೆ. ಹಿಂದಿನವರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೊಡೆಯುತ್ತಿದ್ದುದು ಇದಕ್ಕೇ.

1. ಮೊದಲು ನಿಮ್ಮ ಮಣ್ಣು ನೋಡಿ

ಒಂದು ಹಿಡಿ ಮಣ್ಣಿಗೆ ನೀರು ಹಾಕಿ ನಾದಿ, ಅಂಗೈಯಲ್ಲಿ ಹೊಸೆಯಿರಿ. ಶಾವಿಗೆಯಂತೆ ಎಳೆ ಬಂದರೆ ಜೇಡಿ ಸಾಕಷ್ಟಿದೆ. ಉಂಡೆಯೇ ನಿಲ್ಲದೆ ಉದುರಿದರೆ ಗೋಡು ಬೇಕು. ಎರೆ ಹೊಲಕ್ಕೆ ಮಾತ್ರ ಇದನ್ನು ಹೊಡೆಯಬೇಡಿ. ಅಲ್ಲಿ ಜೇಡಿ ಮೊದಲೇ ಜಾಸ್ತಿ, ನೀರು ಬಸಿಯುವುದೇ ಕಷ್ಟ.

2. ಗೋಡನ್ನು ಪರೀಕ್ಷೆ ಮಾಡಿಸಿ

ಕೆರೆಯ ನಾಲ್ಕೈದು ಕಡೆಯ ಮಣ್ಣು ಬೆರೆಸಿ ಅರ್ಧ ಕೆಜಿ ತೆಗೆಯಿರಿ. ಎಲ್ಲಿ ಪರೀಕ್ಷೆ ಮಾಡಿಸಬಹುದು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ರಸಸಾರ, ಅಂದರೆ ಪಿಎಚ್, 6.5ರಿಂದ 7.5ರ ಒಳಗಿದ್ದರೆ ಒಳ್ಳೆಯದು. 8.5 ದಾಟಿದ್ದರೆ ಬಿಟ್ಟುಬಿಡಿ, ಚೌಳನ್ನು ನೀವೇ ಹೊಲಕ್ಕೆ ತಂದಂತಾಗುತ್ತದೆ. ಕಾರ್ಖಾನೆ ನೀರು, ಪೇಟೆಯ ಚರಂಡಿ ಸೇರುವ ಕೆರೆಯ ಗೋಡೂ ಬೇಡ. ಅದರಲ್ಲಿ ಸೀಸದಂಥ ಭಾರ ಲೋಹ ಇರಬಹುದು.

3. ಅನುಮತಿ ಪಡೆದು ಅಗೆಯಿರಿ

40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತವೆ. ಚಿಕ್ಕ ಕೆರೆಯಾದರೆ ಪಂಚಾಯಿತಿಯಲ್ಲಿ ಕೇಳಿ. ಏರಿಯ ಬುಡ, ತೂಬಿನ ಅಕ್ಕಪಕ್ಕ ಮುಟ್ಟಬಾರದು. ಹೂಳು ಮುಗಿದು ಗಟ್ಟಿ ನೆಲ ಸಿಕ್ಕ ತಕ್ಷಣ ಜೆಸಿಬಿ ನಿಲ್ಲಿಸಿ.

4. ಎಷ್ಟು ಲೋಡು?

ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಒಂದು ಇಂಚು ದಪ್ಪ ಹರಡಲು ಸುಮಾರು 100 ಘನ ಮೀಟರ್ ಮಣ್ಣು ಬೇಕು. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ 3 ಘನ ಮೀಟರ್ ಹಿಡಿದರೆ ಅದು 30ಕ್ಕೂ ಹೆಚ್ಚು ಲೋಡು. ಮೊದಲ ವರ್ಷ ಅರ್ಧ ಇಂಚು, ಅಂದರೆ 16–17 ಲೋಡು ಸಾಕು. ಖರ್ಚೆಲ್ಲ ಸಾಗಣೆಯದೇ ಅಲ್ವಾ? ಆದ್ದರಿಂದ ಹತ್ತಿರದ ಕೆರೆಯನ್ನೇ ಆರಿಸಿ. ನೆರೆಹೊರೆಯವರು ಸೇರಿ ಮಾಡಿಸಿದರೆ ಜೆಸಿಬಿ ಬಾಡಿಗೆಯೂ ಹಂಚಿಹೋಗುತ್ತದೆ.

5. ಹರಡಿ, ಗೊಬ್ಬರದ ಜೊತೆ ಬೆರೆಸಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಎಷ್ಟೋ ಕಡೆ ಗುಡ್ಡೆಗಳನ್ನು ಹಾಗೇ ಬಿಟ್ಟಿರುತ್ತಾರೆ. ಆ ಜಾಗದಲ್ಲಿ ಪೈರು ಸೊಕ್ಕುತ್ತದೆ, ಪಕ್ಕದಲ್ಲಿ ಸೊರಗುತ್ತದೆ. ಗುಡ್ಡೆಗಳನ್ನು ಸಮನಾಗಿ ಎಳೆದು ಬಿಸಿಲಿಗೆ ಬಿಡಿ. ಭರಣಿ ಮಳೆ ಬಿದ್ದು ಹೆಂಟೆ ಸಡಿಲವಾದ ಮೇಲೆ, ಹದ ನೋಡಿ, ನಾಲ್ಕರಿಂದ ಆರು ಇಂಚು ಆಳಕ್ಕೆ ಬೆರೆಯುವಂತೆ ಉಳುಮೆ ಮಾಡಿ. ಹಸಿ ಇರುವಾಗ ಉಳುಮೆ ಮಾಡಿದರೆ ಹೆಂಟೆ ಕಲ್ಲಾಗುತ್ತದೆ.

ಜೇಡಿಯ ಕಣ ತೀರಾ ಸಣ್ಣದು. ಪ್ರತಿ ಕಣದ ಮೈಗೂ ನೀರು ಅಂಟಿಕೊಳ್ಳುತ್ತದೆ, ಹಾಕಿದ ಗೊಬ್ಬರದ ಸಾರವೂ ಬೇಗ ತೊಳೆದುಹೋಗುವುದಿಲ್ಲ. ಆದರೆ ಬರೀ ಜೇಡಿ ಮಳೆಗೆ ಬಡಿದು ಮೇಲೆ ಹೆಪ್ಪುಗಟ್ಟುತ್ತದೆ, ಮೊಳಕೆ ಏಳಲು ಒದ್ದಾಡುತ್ತದೆ. ಮಣ್ಣನ್ನು ಕಾಳುಕಾಳಾಗಿ ಇಡುವುದು ಕೊಟ್ಟಿಗೆ ಗೊಬ್ಬರ. ಎಕರೆಗೆ 3 ಟನ್ ಹಾಕಿ. ಅಷ್ಟು ಸಿಗದಿದ್ದರೆ ಬದುವಿನ ಗ್ಲಿರಿಸಿಡಿಯಾ ಸೊಪ್ಪನ್ನೂ ಮುಚ್ಚಿ ಉಳಬಹುದು.

ಗೋಡಿನ ಜೊತೆ ಕೊನ್ನಾರಿ ಗಡ್ಡೆ, ಬಳ್ಳಾರಿ ಜಾಲಿ ಬೀಜ ಬರುತ್ತವೆ. ಬಿತ್ತನೆಗೆ ಮೊದಲೇ ಒಂದು ಸಲ ಮೊಳೆಯಲು ಬಿಟ್ಟು ಕುಂಟೆ ಹೊಡೆಯಿರಿ.

ಹೈಡ್ರೋಜೆಲ್, ಜಿಪ್ಸಂ ಯಾವಾಗ?

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಎಂಬ ಹರಳು ತನ್ನ ತೂಕದ ನೂರಾರು ಪಟ್ಟು ನೀರು ಹೀರಿಟ್ಟುಕೊಳ್ಳುತ್ತದೆ. ಎಕರೆಗೆ 1ರಿಂದ 2 ಕೆಜಿಯನ್ನು ಒಣ ಮಣ್ಣಿನಲ್ಲಿ ಬೆರೆಸಿ ಬಿತ್ತನೆ ಸಾಲಿಗೆ ಹಾಕುತ್ತಾರೆ. ಮಳೆಯೇ ಬಾರದಿದ್ದರೆ ಅದಕ್ಕೆ ಹೀರಲು ಏನೂ ಇರುವುದಿಲ್ಲ. ನನ್ನ ಕೇಳಿದರೆ ತರಕಾರಿ, ಹಣ್ಣಿನ ಗಿಡಗಳಿಗೆ ಸರಿ, ಮಳೆಯಾಶ್ರಿತ ರಾಗಿಗೆ ಗೋಡೇ ಮೇಲು.

ಜಿಪ್ಸಂ ಬೇಕಾಗುವುದು ಸೋಡಿಯಂ ಸೇರಿ ಕೆಟ್ಟ ಮಣ್ಣಿಗೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅಂಥ ಹೊಲಗಳಿವೆ. ಕೆಂಪು ಹೊಲಕ್ಕೆ ಸುಮ್ನೆ ಹಾಕಿದರೆ ನೀರು ಹಿಡಿಯುವ ಶಕ್ತಿ ಹೆಚ್ಚುವುದಿಲ್ಲ.

ಫಲ ಸಿಕ್ಕಿತೇ ಎಂದು ತಿಳಿಯಲು

ಹೊಲದಲ್ಲಿ ಒಂದು ಪಟ್ಟಿ ಗೋಡು ಹಾಕದೆ ಬಿಡಿ. ಒಳ್ಳೆ ಮಳೆಯಾಗಿ ಐದಾರು ದಿನ ಕಳೆದ ಮೇಲೆ ಎರಡೂ ಕಡೆ ಗೇಣುದ್ದ ಅಗೆದು ಮಣ್ಣು ಹಿಸುಕಿ ನೋಡಿ. ಕೊಯ್ಲಿನಲ್ಲಿ ಎರಡು ಕಡೆಯಿಂದಲೂ ಅಷ್ಟಷ್ಟೇ ಜಾಗದ ರಾಗಿ ಕೊಯ್ದು ಬೇರೆಬೇರೆ ತೂಗಿ. ಎರಡನೇ ಸಲ ಗೋಡು ಹೊಡೆಸಬೇಕೇ ಎಂಬುದನ್ನು ಆ ತೂಕ ನೋಡಿ ತೀರ್ಮಾನಿಸಿ. ಜೇಡಿ ಕೊಳೆತು ಹೋಗುವುದಿಲ್ಲ, ಬದು ಗಟ್ಟಿಯಾಗಿದ್ದರೆ ವರ್ಷಗಟ್ಟಲೆ ಹೊಲದಲ್ಲೇ ಇರುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಪ್ರತಿ ವರ್ಷ ಹಾಕಬೇಕು.