ಆಟ ಬಿಟ್ಟು ಕೋಚ್ ಆಗುವವರಿಗೆ: ನೆಟ್ಸ್‌ನಿಂದ ತಂಡದ ಪಟ್ಟಿಯವರೆಗೆ

ವರ್ಷಗಟ್ಟಲೆ ಕ್ರಿಕೆಟ್ ಲೀಗ್ ಆಡಿದವರು ಕೋಚಿಂಗ್‌ಗೆ ಇಳಿದಾಗ ಬಹುತೇಕ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರುವುದಿಲ್ಲ. ಹುಡುಗ ಏನಾದರೂ ಕೇಳಿದರೆ ಅವನ ಕೈಯಿಂದ ಚೆಂಡು ತೆಗೆದುಕೊಂಡು ತಾವೇ ಹಾಕಿ ತೋರಿಸುತ್ತಾರೆ. ಅವನಿಗೆ ಚೆಂಡು ತಿರುಗಿದ್ದು ಕಾಣುತ್ತದೆ, ಯಾಕೆ ತಿರುಗಿತು ಅನ್ನುವುದು ಕಾಣುವುದಿಲ್ಲ. ಆದ್ದರಿಂದ ಇನ್ನೂ ಆಡುತ್ತಿರುವಾಗಲೇ ನಿಮ್ಮ ಕ್ಲಬ್ಬಿನ 14 ವರ್ಷದೊಳಗಿನವರನ್ನು ವಾರಕ್ಕೆ ಎರಡು ಬೆಳಗ್ಗೆ ನೋಡಿಕೊಳ್ಳಿ. ಮೊದಲ ಮೂರು ತಿಂಗಳು ನಿಮ್ಮ ಕೈಯಲ್ಲಿ ಬ್ಯಾಟು-ಚೆಂಡಿಗಿಂತ ನೋಟ್‌ಬುಕ್ಕೇ ಹೆಚ್ಚು ಹೊತ್ತು ಇರಲಿ.

ಜೊತೆಗೇ ಕಾಗದಪತ್ರದ ಕೆಲಸ ಶುರು ಮಾಡಿ. ಬಿಸಿಸಿಐನ ಲೆವೆಲ್ ಕೋರ್ಸ್‌ಗೆ (ಹಂತ ಹಂತದ ಕೋಚಿಂಗ್ ತರಬೇತಿಗೆ) ಹೆಸರು ರಾಜ್ಯ ಸಂಸ್ಥೆಯ ಮೂಲಕ ಹೋಗುತ್ತದೆ, ಹಾಗಾಗಿ ನಮ್ಮ ಕಡೆಯವರು ಮೊದಲು ವಿಚಾರಿಸಬೇಕಾದದ್ದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಧಾರವಾಡ ವಲಯದಲ್ಲಿ. ಶಾಲೆ-ಕಾಲೇಜು, ಸರಕಾರಿ ಹುದ್ದೆಯ ಕಡೆ ಕಣ್ಣಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ತೂಕದ್ದು. ಡಿಪ್ಲೊಮಾ ಮುಗಿಯುವಷ್ಟು ಕಾಲ ಊರು ಬಿಡಲಾಗದವರಿಗೆ ಅಲ್ಲೇ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ಒಳ್ಳೆಯ ಆಟಗಾರರು ಸಿಕ್ಕಿಬೀಳುವುದು ಅಂಗರಚನೆ, ಗಾಯ, ತರಬೇತಿ ಯೋಜನೆಯಂಥ ಬರವಣಿಗೆ ಪತ್ರಿಕೆಗಳಲ್ಲಿ. ಕವರ್ ಡ್ರೈವ್ ಅಲ್ಲಿ ಯಾರನ್ನೂ ಪಾಸು ಮಾಡಿಸುವುದಿಲ್ಲ.

ಎಲ್ಲಿ ನಿಂತು ನೋಡಬೇಕು

ಬೌಲರ್‌ನನ್ನು ಮೂರು ಜಾಗದಿಂದ ನೋಡಬೇಕು. ಅಂಪೈರ್ ಹಿಂದಿನಿಂದ ನೋಡಿದರೆ ಓಟದ ದಿಕ್ಕು, ಮುಂಗಾಲು ಬೀಳುವ ಜಾಗ, ತಲೆ ವಾಲುವುದು ತಿಳಿಯುತ್ತದೆ. ಕ್ರೀಸ್‌ಗೆ ನೇರ ಪಕ್ಕದಿಂದ ಚೆಂಡು ಬಿಡುವ ಎತ್ತರ, ಮುಂಗಾಲಿನ ಮೊಣಕಾಲು. ಬ್ಯಾಟರ್ ಹಿಂದಿನ ಬಲೆಯಿಂದ ಸೀಮ್ (ಚೆಂಡಿನ ಹೊಲಿಗೆ) ಮತ್ತು ಮಣಿಕಟ್ಟು. ಮೊಬೈಲ್‌ನಲ್ಲಿ ಸ್ಲೋ ಮೋಷನ್ ತೆಗೆಯುವುದಾದರೆ ಟ್ರೈಪಾಡ್ ಸೊಂಟದ ಎತ್ತರಕ್ಕೆ ಇಡಿ. ನಿಂತು ಕೈಯಲ್ಲಿ ಹಿಡಿದು ತೆಗೆದದ್ದು ಮೇಲಿನಿಂದ ಕೆಳಗೆ ನೋಡಿದಂತಾಗಿ, ಮಡಿಚಿದ ಮೊಣಕಾಲೂ ನೆಟ್ಟಗಿದ್ದಂತೆ ಕಾಣಬಹುದು.

ಒಂದು ಉದಾಹರಣೆ. ಹದಿಮೂರರ ಎಡಗೈ ಸ್ಪಿನ್ನರ್, ಚೆಂಡು ಗಿಡ್ಡ ಬಿದ್ದು ಬಲಗೈ ಬ್ಯಾಟರ್‌ನ ಲೆಗ್ ಕಡೆ ಹೋಗುತ್ತಿದೆ. "ಲೈನ್ ಮ್ಯಾಲ ಹಾಕಲೇ" ಎಂದು ಕೂಗಿದರೆ ಅವನು ಕೈಯಿಂದ ತಳ್ಳಲು ಶುರುಮಾಡುತ್ತಾನೆ, ತಿರುವು ಸತ್ತೇಹೋಗುತ್ತದೆ. ಪಕ್ಕದಿಂದ ನೋಡಿ: ಬಲ ಮೊಣಕಾಲು ಕುಸಿಯುತ್ತಿರಬಹುದು. ಹಿಂದಿನಿಂದ ನೋಡಿ: ತಲೆ ಬಲಕ್ಕೆ ವಾಲುತ್ತಿರಬಹುದು. ಎರಡೂ ಇದ್ದರೂ ಹೇಳಬೇಕಾದದ್ದು ಒಂದೇ ಮಾತು: "ಬಲಗೈ ಎತ್ತಿ, ಅದರ ಮ್ಯಾಲಿಂದ ಕೀಪರ್‌ನ ನೋಡು." ಆ ಕೈ ಎತ್ತರಕ್ಕಿದ್ದಷ್ಟು ಹೊತ್ತು ಭುಜ ಬೇಗ ತೆರೆದುಕೊಳ್ಳುವುದಿಲ್ಲ, ತಲೆಯೂ ಅಲ್ಲೇ ಇರುತ್ತದೆ. ಓಟವಿಲ್ಲದೆ ನಿಂತಲ್ಲಿಂದ, 22 ಗಜದ ಬದಲು 15 ಗಜಕ್ಕೆ, 12 ಚೆಂಡು. ಆಮೇಲೆ ಮೂರು ಹೆಜ್ಜೆ. ಪೂರ್ತಿ ರನ್‌ಅಪ್ ಮರುದಿನಕ್ಕಿರಲಿ. ಕೊನೆಗೆ ಅವನನ್ನೇ ಕೇಳಿ, "ಏನ್ ಬದಲ್ ಮಾಡಿದಿ?" ಅವನ ಮಾತಿನಲ್ಲಿ ಉತ್ತರ ಬರದಿದ್ದರೆ ನೀವು ಹೇಳಿದ್ದು ಮುಟ್ಟಿಲ್ಲ.

ಲೆಕ್ಕ

ಇಪ್ಪತ್ತು ಹುಡುಗರು, ಎರಡು ನೆಟ್, ತೊಂಬತ್ತು ನಿಮಿಷ. ಒಬ್ಬೊಬ್ಬನಿಗೆ 12 ನಿಮಿಷ ಕೊಟ್ಟರೆ ಒಂದು ನೆಟ್‌ನಲ್ಲಿ ಏಳು ಮಂದಿ, ಎರಡರಲ್ಲಿ ಹದಿನಾಲ್ಕು. ಉಳಿದ ಆರು ಮಂದಿ ಬ್ಯಾಟೇ ಹಿಡಿಯದೆ ಮನೆಗೆ ಹೋಗುತ್ತಾರೆ, ಅದೂ ಬಹುಶಃ ದಿನಾ ಅದೇ ಆರು ಮಂದಿ. ಯಾರ ಸರದಿ ತಪ್ಪಿತು ಎಂದು ಬರೆದಿಟ್ಟು ಮರುದಿನ ಅವರಿಂದಲೇ ಶುರುಮಾಡಿ. ಪಕ್ಕದಲ್ಲಿ ಥ್ರೋಡೌನ್ (ಹತ್ತಿರದಿಂದ ಚೆಂಡು ಎಸೆದು ಬ್ಯಾಟಿಂಗ್ ಮಾಡಿಸುವುದು) ಮತ್ತು ಕ್ಯಾಚಿಂಗ್‌ಗೆ ಮೂರನೇ ಜಾಗ ಇರಲೇಬೇಕು.

ವೇಗದ ಬೌಲರ್‌ಗಳ ಓವರ್ ಎಣಿಸಿ, ನೆಟ್ಸ್‌ನಲ್ಲೂ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಪಾಲಿಸಿಕೊಂಡು ಬಂದ ಮಿತಿ ಇಲ್ಲಿಗೂ ಹೊಂದುತ್ತದೆ: 13ರವರೆಗೆ ಒಂದು ಸ್ಪೆಲ್‌ಗೆ (ಒಂದೇ ಸಮನೆ ಹಾಕುವ ಸರದಿಗೆ) 5 ಓವರ್, ದಿನಕ್ಕೆ 10, 14-15ರಲ್ಲಿ 6 ಮತ್ತು 12, 16-17ರಲ್ಲಿ 7 ಮತ್ತು 18. ಬೆಳೆಯುವ ವಯಸ್ಸಿನಲ್ಲಿ ಕೆಳಬೆನ್ನಿನ ಮೂಳೆ ಗಟ್ಟಿಯಾಗಿರುವುದಿಲ್ಲ, ಅಲ್ಲಿ ಒತ್ತಡದ ಬಿರುಕು ಬಂದರೆ ಸೀಸನ್ನೇ ಹೋಗುತ್ತದೆ. ಚೆಂಡೂ ಅಷ್ಟೆ. 13ರೊಳಗಿನವರದ್ದು 133ರಿಂದ 144 ಗ್ರಾಂ, ದೊಡ್ಡವರದ್ದು 156ರಿಂದ 163. ಹಳೆಯದ್ದು ಬಿದ್ದಿದೆ ಎಂದು ಚಿಕ್ಕವರ ಕೈಗೆ ದೊಡ್ಡ ಚೆಂಡು ಕೊಡಬೇಡಿ.

ನಮ್ಮ ಎರೆಮಣ್ಣಿನ ಸಂಗತಿ ಬೇರೆಯೇ. ಮಳೆ ಬಿದ್ದರೆ ಅಂಟು, ಒಣಗಿದರೆ ಬಿರುಕು. ಹಾಗಾಗಿ ಗದಗ, ಹಾವೇರಿ ಕಡೆ ಹುಡುಗರು ಮ್ಯಾಟ್ ಮೇಲೆಯೇ ಬೆಳೆಯುವುದು ಹೆಚ್ಚು. ಮ್ಯಾಟ್ ಕೆಳಗೆ ಗರಸು ಹಾಕಿ, ನೀರು ಹೊಡೆದು, ಹೆಬ್ಬೆರಳಿಗೆ ಮಣ್ಣು ಅಂಟದ ಹದಕ್ಕೆ ಬಂದಾಗ ರೋಲರ್ ಎಳೆಯಿರಿ. ಮ್ಯಾಟ್ ಎರಡೂ ತುದಿಯಿಂದ ಎಳೆದು ಮೊಳೆ ಹೊಡೆಯಬೇಕು. ಗುಡ್‌ಲೆಂಗ್ತ್ ಜಾಗದಲ್ಲಿ ಸುಕ್ಕು ಉಳಿದರೆ ಚೆಂಡು ಮೂತಿಗೆ ಏಳುತ್ತದೆ. ಮ್ಯಾಟ್‌ನಲ್ಲಿ ಪುಟಿತ ಹೆಚ್ಚು, ಹಾಗಾಗಿ ಈ ಹುಡುಗರು ಹಿಂಗಾಲಿನ ಮೇಲೆ ಗಟ್ಟಿ. ಹುಬ್ಬಳ್ಳಿಯ ರಾಜನಗರ ಮೈದಾನದ ಟರ್ಫ್‌ಗೆ (ಹುಲ್ಲು-ಮಣ್ಣಿನ ಪಿಚ್‌ಗೆ) ಆಯ್ಕೆಗೆ ಬಂದಾಗ ಕೆಳಗೆ ಉಳಿದ ಚೆಂಡಿಗೆ ಎಲ್‌ಬಿಡಬ್ಲ್ಯು ಆಗುತ್ತಾರೆ. ಟ್ರಯಲ್ಸ್‌ಗೆ ಮುಂಚೆ ನಾಲ್ಕೈದು ದಿನ ಎಲ್ಲಿಯಾದರೂ ಟರ್ಫ್ ಹಿಡಿಯಿರಿ. ಸಿಗದಿದ್ದರೆ ಸಿಮೆಂಟ್ ಮೇಲೆ ಟೆನಿಸ್ ಚೆಂಡನ್ನು ಒದ್ದೆ ಮಾಡಿ ಎಸೆದು ಮುಂಗಾಲು ಆಡಿಸಿ; ಪೂರ್ತಿ ಪರಿಹಾರವಲ್ಲ, ಆದರೂ ಕಣ್ಣು ಕೆಳಗಿಳಿಯುತ್ತದೆ.

ತಂಡ ಕೈಗೆ ಬಂದಾಗ

ಸಣ್ಣ ತಂಡ ಬೇಡ ಅನ್ನಬೇಡಿ. ಗದಗಿನ ಸುನಿಲ್ ಜೋಶಿ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 6 ರನ್ನಿಗೆ 5 ವಿಕೆಟ್ ತೆಗೆದವರು. ಅಂಥವರೂ ಕೋಚ್ ಆಗಿ ಜಮ್ಮು-ಕಾಶ್ಮೀರಕ್ಕೆ ಹೋದರು. 2014ರ ಡಿಸೆಂಬರ್‌ನಲ್ಲಿ ಆ ತಂಡ ವಾಂಖೆಡೆಯಲ್ಲಿ ಮುಂಬೈಯನ್ನೇ ಸೋಲಿಸಿತು. ಬಾಂಗ್ಲಾದೇಶದ ಸ್ಪಿನ್ ಕೋಚ್, ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷ ಸ್ಥಾನ ಬಂದದ್ದು ಆಮೇಲೆ.

ಜಿಲ್ಲಾ ಮಟ್ಟದಲ್ಲಿ ಕೋಚ್, ಮ್ಯಾನೇಜರ್ ಎರಡೂ ನೀವೇ. ಜನನ ಪ್ರಮಾಣಪತ್ರದ ಮೂಲಪ್ರತಿ ಊರು ಬಿಡುವ ಮುಂಚೆಯೇ ನೋಡಿಕೊಳ್ಳಿ. 16ರೊಳಗಿನವರಿಗೆ ಬಿಸಿಸಿಐ ಮೂಳೆ ಪರೀಕ್ಷೆ ಮಾಡಿಸುತ್ತದೆ, ತಿದ್ದಿದ ವಯಸ್ಸು ಅಲ್ಲಿ ನಿಲ್ಲುವುದಿಲ್ಲ. ಹನ್ನೊಂದರ ಪಟ್ಟಿ ಟಾಸ್‌ಗೆ ಮುಂಚೆ ಬರವಣಿಗೆಯಲ್ಲಿ ಕೊಡಬೇಕು, ಕೊಟ್ಟ ಮೇಲೆ ಎದುರಾಳಿ ನಾಯಕ ಒಪ್ಪದೆ ಬದಲಿಸಲಾಗದು. ಅದಕ್ಕೇ ಜ್ವರ ಬಂದವನು, ಕಾಲು ಉಳುಕಿದವನು ಯಾರು ಅನ್ನುವುದನ್ನು ವಾರ್ಮ್‌ಅಪ್ ಮುಗಿದ ಮೇಲೆ ಮತ್ತೊಮ್ಮೆ ಕೇಳಿ.

ಕೈಬಿಟ್ಟ ಹುಡುಗನಿಗೆ ಪಟ್ಟಿ ಅಂಟಿಸುವ ಮುಂಚೆ, ಹಿಂದಿನ ಸಂಜೆಯೇ, ಒಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿ. ಕಾರಣ ಒಂದೇ ಇರಲಿ, ಅವನು ತಿದ್ದಿಕೊಳ್ಳಲು ಆಗುವಂಥದ್ದಿರಲಿ. ಅಪ್ಪಂದಿರು ಫೋನ್ ಮಾಡಿದರೆ ಹುಡುಗನಿಗೆ ಹೇಳಿದ್ದನ್ನೇ ಹೇಳಿ, ಬೇರೆ ಹುಡುಗನ ಹೆಸರು ಎತ್ತಬೇಡಿ. ಎತ್ತಿದಿರೋ, ಮರುದಿನ ಆ ಹುಡುಗನ ಅಪ್ಪನ ಫೋನೂ ಬರುತ್ತದೆ.