ಸಾಮಿಲ್‌ನಲ್ಲಿ ಹೆಲ್ಪರ್‌ನಿಂದ ಆಪರೇಟರ್ ಆಗುವವರೆಗೆ: ನನ್ನ ಅನುಭವ

ಸಾಮಿಲ್‌ಗೆ ಹೊಸದಾಗಿ ಸೇರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ: "ಅಣ್ಣಾ, ನನ್ನನ್ನ ಮಿಷನ್ ಮೇಲೆ ಯಾವಾಗ ಬಿಡ್ತೀರಿ?" ನಾನೂ ಕೇಳಿದ್ದೆ. ಶಿವಮೊಗ್ಗದ ಒಂದು ಮಿಲ್ಲಿನಲ್ಲಿ ಹೊಟ್ಟು ತುಂಬುವ ಕೆಲಸಕ್ಕೆ ಸೇರಿದವನು ನಾನು. ಈಗ ಬ್ಯಾಂಡ್‌ಸಾ, ಅಂದರೆ ಎರಡು ಚಕ್ರಗಳ ಮೇಲೆ ಪಟ್ಟಿಯಂತೆ ಓಡುವ ಬ್ಲೇಡಿನ ಗರಗಸ, ನಡೆಸುತ್ತೇನೆ, ಬ್ಲೇಡನ್ನೂ ನಾನೇ ಹದ ಮಾಡುತ್ತೇನೆ. ನನ್ನನ್ನು ಮೇಲೆ ತಂದದ್ದು ಈ ಬ್ಲೇಡಿನ ಕೆಲಸವೇ. ಹೆಚ್ಚಿನ ಕಡೆ ಅದನ್ನು ಕೊನೆಗೆ ಕಲಿಸುತ್ತಾರೆ, ಕೆಲವು ಕಡೆ ಕಲಿಸುವುದೇ ಇಲ್ಲ. ಮೊದಲೇ ಕಲಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶುರುವಿನಲ್ಲಿ ನನ್ನ ಕೆಲಸ ಗುಂಡಿಯಿಂದ ಹೊಟ್ಟು ತೆಗೆಯುವುದು, ಹಲಗೆ ಹೊತ್ತು ಅಟ್ಟಿ ಹಾಕುವುದು. ನಮ್ಮ ಮಿಸ್ತ್ರಿ ತೀರ್ಥಹಳ್ಳಿ ಕಡೆಯವರು. "ಹೊಟ್ಟು ಸುಮ್ನೆ ತುಂಬಬೇಡ ಮಾರಾಯ, ಕೈಯಲ್ಲಿ ಹಿಡಿದು ನೋಡು" ಅನ್ನುತ್ತಿದ್ದರು. ಬ್ಲೇಡ್ ಚೂಪಾಗಿದ್ದರೆ ಹೊಟ್ಟು ರವೆಯ ಹಾಗೆ ಹರಳಾಗಿ ಬೀಳುತ್ತದೆ. ಮೊಂಡಾಗುತ್ತಾ ಬಂದ ಹಾಗೆ ನುಣ್ಣಗಾಗುತ್ತದೆ, ಮುಟ್ಟಿದರೆ ಬಿಸಿ ಗೊತ್ತಾಗುತ್ತದೆ. ಮಿಷನ್ ಸದ್ದು ಬದಲಾಗುವುದು ಅದಾದ ಮೇಲೆ. ಬ್ಲೇಡ್ ಬದಲಿಸುವ ಹೊತ್ತಾಯಿತು ಅಂತ ಹೆಲ್ಪರ್ ಹುಡುಗನೇ ಆಪರೇಟರಿಗೆ ಹೇಳುವಂತಾದರೆ ಅವನು ಒಂದು ಮೆಟ್ಟಿಲು ಹತ್ತಿದ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ಆಮೇಲೆ ಹಿಂದೆ ನಿಂತು ಹಲಗೆ ಹಿಡಿದುಕೊಳ್ಳುವ ಕೆಲಸ ಬಂತು. ಹಿಡಿದ ಹಲಗೆಗೆ ಟೇಪ್ ಹಿಡಿಯುವ ಅಭ್ಯಾಸ ನನಗೆ ಆಗಲೇ ಬಿತ್ತು. ಎರಡು ತುದಿಯಲ್ಲಿ, ನಡುವೆ ಒಂದು ಕಡೆ. ತುದಿಯಲ್ಲಿ ಒಂದು ಇಂಚು ಇದ್ದು ನಡುವೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕಡಿಮೆ ಬಂದರೆ ಬ್ಲೇಡ್ ಮರದೊಳಗೆ ಅಲೆದಾಡುತ್ತಿದೆ ಅಂತ ಅರ್ಥ. ಟೆನ್ಷನ್, ಅಂದರೆ ಬ್ಲೇಡಿನ ಬಿಗಿತ, ಸಾಲದೆ ಇರಬಹುದು, ಒಂದು ಬದಿಯ ಹಲ್ಲು ಮೊಂಡಾಗಿರಬಹುದು, ಬ್ಲೇಡನ್ನು ನೇರ ಹಿಡಿಯುವ ಗೈಡ್ ಸವೆದಿರಬಹುದು, ಇಲ್ಲಾ ದಿಮ್ಮಿ ಹೊತ್ತ ಟ್ರಾಲಿಯನ್ನು ಜೋರಾಗಿ ನೂಕಿರಬಹುದು. ಈ ನಾಲ್ಕರಲ್ಲಿ ಯಾವುದು ಅಂತ ಹಲಗೆ ನೋಡಿಯೇ ಹೇಳಲು ಕಲಿಯಬೇಕು.

ಇನ್ನು ಬ್ಲೇಡ್. ನಾನು ಬಿಡುವಿದ್ದಾಗಲೆಲ್ಲ ಗ್ರೈಂಡರ್ ಕೋಣೆಯಲ್ಲೇ ಇರುತ್ತಿದ್ದೆ. ಮಳೆಗಾಲದಲ್ಲಿ ಲಾರಿ ಕಾಡುದಾರಿ ಹತ್ತುವುದಿಲ್ಲ, ನಾಟಾ, ಅಂದರೆ ಸೀಳುವ ಮರ, ಬರುವುದು ಕಡಿಮೆಯಾಗುತ್ತದೆ. ಬ್ಲೇಡ್ ಕಲಿಯಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ಬ್ಲೇಡಿನ ದಪ್ಪಕ್ಕೂ ಚಕ್ರದ ಅಳತೆಗೂ ಲೆಕ್ಕ ಇದೆ. ಚಕ್ರದ ಅಡ್ಡಳತೆಯ ಸಾವಿರದ ಒಂದು ಭಾಗಕ್ಕಿಂತ ಬ್ಲೇಡ್ ದಪ್ಪ ಇರಬಾರದು. 36 ಇಂಚಿನ ಚಕ್ರಕ್ಕೆ ಸುಮಾರು 0.9 ಮಿ.ಮೀ., ಅಂದರೆ 20 ಗೇಜ್ (ಗೇಜ್ ನಂಬರು ಕಡಿಮೆಯಾದಷ್ಟು ದಪ್ಪ ಜಾಸ್ತಿ). 42 ಇಂಚಿನದಕ್ಕೆ 19 ಗೇಜ್. ಗಟ್ಟಿಯಾಗಿರಲಿ ಅಂತ ದಪ್ಪ ಬ್ಲೇಡ್ ಹಾಕಿದರೆ ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಗ್ಗಿ ಬಗ್ಗಿ ಬೇಗ ಬಿರುಕು ಬಿಡುತ್ತದೆ. ಚಕ್ರಕ್ಕೆ ಹಾಕುವಾಗ ಹಲ್ಲಿನ ಬುಡ ಚಕ್ರದ ಅಂಚಿನಿಂದ ಸ್ವಲ್ಪ ಆಚೆ ಇರಬೇಕು. ಒಳಗೆ ಸರಿದರೆ ಸೆಟ್ಟಿಂಗೂ ಹಾಳು, ಚಕ್ರವೂ ಹಾಳು.

ಸೆಟ್ಟಿಂಗ್ ಅಂದರೆ ಒಂದು ಹಲ್ಲನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಚೂರು ಬಗ್ಗಿಸುವುದು. ಬ್ಲೇಡ್ ಮರದಲ್ಲಿ ಸಿಕ್ಕಿಕೊಳ್ಳದೆ ಓಡಲು ಅಷ್ಟು ಜಾಗ ಬೇಕು. ಹಸಿ ಮರ, ಮೆತ್ತನೆ ಮರಕ್ಕೆ ಜಾಸ್ತಿ. ಒಣಗಿದ ಗಟ್ಟಿ ಮರಕ್ಕೆ ಕಡಿಮೆ. ಬೆಳಿಗ್ಗೆ ಹಸಿ ಸಿಲ್ವರ್ ಓಕ್ ಸೀಳಿದ ಬ್ಲೇಡಿನಲ್ಲೇ ಮಧ್ಯಾಹ್ನ ಹಳೇ ಮನೆಯ ಒಣ ಮತ್ತಿ ತೊಲೆ ಸೀಳಿದರೆ ಹಲಗೆ ಮೇಲೆ ಗೀರು ಬೀಳದೆ ಇರುತ್ತದಾ? ಅದಕ್ಕೇ ಎರಡಕ್ಕೂ ಬೇರೆ ಬೇರೆ ಬ್ಲೇಡ್ ಇಟ್ಟಿದ್ದೇನೆ.

ಸಾಣೆ ಹಿಡಿಯುವಾಗ ನನ್ನ ಕಣ್ಣೆಲ್ಲ ಎರಡು ಹಲ್ಲಿನ ನಡುವಿನ ಗುಳಿಯ ಮೇಲೆ. ಅದು ದುಂಡಗಿರಬೇಕು. ಮೂಲೆ ಬಿದ್ದರೆ ಬಿರುಕು ಶುರುವಾಗುವುದು ಆ ಮೂಲೆಯಿಂದಲೇ. ಗ್ರೈಂಡರ್ ಕಲ್ಲನ್ನು ಒತ್ತಿ ಹಿಡಿದರೆ ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿ ಗೆರೆ ಕಂಡರೆ ಅಲ್ಲಿ ಉಕ್ಕಿನ ಹದ ಕೆಟ್ಟಿದೆ, ಪೆಡಸಾಗಿದೆ. ಹಗುರವಾಗಿ ಎರಡು ಮೂರು ಸಲ ಸವರಬೇಕು, ಒಂದೇ ಸಲಕ್ಕೆ ಮುಗಿಸುವ ಆಸೆ ಬೇಡ. ಸಾಣೆ ಆದ ಮೇಲೆ ಬ್ಲೇಡನ್ನು ಬೆಳಕಿಗೆ ಹಿಡಿದು ಒಂದೊಂದೇ ಗುಳಿ ನೋಡುತ್ತೇನೆ. ಕೂದಲಿನಷ್ಟು ಬಿರುಕು ಕಂಡರೂ ಆ ಬ್ಲೇಡ್ ಮಿಷನ್ ಹತ್ತುವುದಿಲ್ಲ. ಸಂಜೆ ಮಿಷನ್ ನಿಲ್ಲಿಸಿದ ಮೇಲೆ ಟೆನ್ಷನ್ ಸಡಿಲ ಮಾಡಿಯೇ ಮನೆಗೆ ಹೋಗುವುದು.

ಇದನ್ನೆಲ್ಲ ಕಲಿತ ಮೇಲೆ ಟ್ರಾಲಿ ಮೇಲೆ ನಿಂತಾಗ ನನಗೆ ಭಯ ಇರಲಿಲ್ಲ. ಯಾಕೆಂದರೆ ಎದುರಿಗೆ ಓಡುತ್ತಿದ್ದದ್ದು ನಾನೇ ಹದ ಮಾಡಿದ ಬ್ಲೇಡ್.

ಆಪರೇಟರ್ ಆದ ಮೇಲೆ ಕಲಿಯಬೇಕಾದದ್ದು ದಿಮ್ಮಿ ನೋಡುವುದನ್ನು. ಮೊದಲು ಮರ ಸಾಗಿಸಲು ಅರಣ್ಯ ಇಲಾಖೆ ಕೊಡುವ ಪಾಸು, ದಿಮ್ಮಿಯ ಮೇಲೆ ಇಲಾಖೆ ಒತ್ತಿದ ಹ್ಯಾಮರ್ ಗುರುತು. ಅದಿಲ್ಲದ ಮರ ನನ್ನ ಟ್ರಾಲಿ ಹತ್ತುವುದಿಲ್ಲ. ಆಮೇಲೆ ಎರಡೂ ತುದಿ ತೊಳೆದು ನೋಡುತ್ತೇನೆ. ತೋಟದ ಬದಿಯ ಹಲಸು, ಮಾವಿನ ಮರಗಳಿಗೆ ಜನ ಬೇಲಿ ತಂತಿ ಕಟ್ಟಿರುತ್ತಾರೆ, ಮೊಳೆ ಹೊಡೆದಿರುತ್ತಾರೆ. ಮರ ಬೆಳೆದು ಅದನ್ನು ನುಂಗಿಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆದರೆ ಮರದ ಒಗರು ಕಬ್ಬಿಣಕ್ಕೆ ತಾಗಿ ಕಪ್ಪು ನೀಲಿ ಕಲೆ ಆಗುತ್ತದೆ, ಅದು ನಾರಿನ ಉದ್ದಕ್ಕೂ ಹರಿದು ಎಷ್ಟೋ ಸಲ ತುದಿಯವರೆಗೆ ಬಂದಿರುತ್ತದೆ. ಅಂಥ ಕಲೆ ಕಂಡರೆ ಉಳಿ ಹಾಕಿ ಹುಡುಕಲೇಬೇಕು.

ಅಕೇಶಿಯಾದ್ದು ಬೇರೆ ಕಥೆ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗೆಂದು ನಮ್ಮ ಜಿಲ್ಲೆಯಲ್ಲಿ ಬೆಳೆಸಿದ ಅಕೇಶಿಯಾ, ನೀಲಗಿರಿ ತೋಪುಗಳನ್ನು ನೀವೂ ನೋಡಿರುತ್ತೀರಿ. ಈ ಮರಗಳು ಬೆಳೆಯುವಾಗಲೇ ಒಳಗೆ ಬಿಗಿ ಹಿಡಿದಿರುತ್ತವೆ. ಒಂದೇ ಬದಿಯಿಂದ ಸೀಳುತ್ತಾ ಹೋದರೆ ಉಳಿದ ದಿಮ್ಮಿ ಬಿಲ್ಲಿನಂತೆ ಬಗ್ಗಿಬಿಡುತ್ತದೆ. ಹಾಗಾಗಿ ಒಂದು ಬದಿ ಸ್ವಲ್ಪ ತೆಗೆದು, ತಿರುಗಿಸಿ, ಎದುರು ಬದಿ ಅಷ್ಟೇ ತೆಗೆದು, ಬಿಗಿ ಎರಡೂ ಕಡೆ ಸಮನಾಗಿ ಬಿಡುವ ಹಾಗೆ ಸೀಳಬೇಕು. ಹೊತ್ತು ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಗಿರಾಕಿ ಎದುರಿಗೆ ಲೆಕ್ಕವೂ ಬಾಯಲ್ಲಿರಬೇಕು. ಒಂದು ದಿಮ್ಮಿಯ ಸುತ್ತಳತೆ 48 ಇಂಚು, ಉದ್ದ 10 ಅಡಿ ಅನ್ನಿ. ಸುತ್ತಳತೆಯ ಕಾಲು ಭಾಗ 12. ಹನ್ನೆರಡು ಹನ್ನೆರಡಲೆ 144, ಅದನ್ನು 10ರಿಂದ ಗುಣಿಸಿ 144ರಿಂದ ಭಾಗಿಸಿದರೆ 10 ಸಿಎಫ್‌ಟಿ, ಅಂದರೆ ಘನ ಅಡಿ. ದಿಮ್ಮಿಯ ನಿಜವಾದ ಗಾತ್ರದಲ್ಲಿ ಇದು ಶೇ. 78ರ ಹತ್ತಿರ. ಉಳಿದದ್ದು ತೊಗಟೆ ಬದಿಗೆ, ಹೊಟ್ಟಿಗೆ ಬಿಟ್ಟ ಲೆಕ್ಕ. ವೃತ್ತ ಗರಗಸ 5 ಮಿ.ಮೀ. ಮರ ತಿಂದರೆ ಬ್ಯಾಂಡ್‌ಸಾ 2 ಮಿ.ಮೀ. ತಿನ್ನುತ್ತದೆ ಅಂದುಕೊಳ್ಳಿ. ಹತ್ತು ಸೀಳಿಗೆ 30 ಮಿ.ಮೀ. ಉಳಿಯಿತು, ಅಂದರೆ ಒಂದು ಇಂಚಿನ ಪೂರ್ತಿ ಹಲಗೆ. ಬೀಟೆ, ಸಾಗುವಾನಿಯಲ್ಲಿ ಒಂದು ಹಲಗೆಯ ಬೆಲೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ರೀಪು, ಅಂದರೆ ಸಣ್ಣ ಪಟ್ಟಿ, ಸೀಳುವ ವೃತ್ತ ಗರಗಸದ ಹತ್ತಿರ ಹೊಸಬರನ್ನು ನಾನು ಬಿಡುವುದೇ ಇಲ್ಲ. ನೋಡಲು ಚಿಕ್ಕದು, ಆದರೆ ಮರವನ್ನು ಎದೆಗೆ ಎಸೆಯುವ ಮಿಷನ್ ಅದು. ಬ್ಲೇಡಿನ ಹಿಂದೆ ಸೀಳು ಮುಚ್ಚದಂತೆ ತಡೆಯುವ ಕತ್ತಿ ಇರಲೇಬೇಕು, ಹಲ್ಲಿಗೆ ಅರ್ಧ ಇಂಚಿನ ಒಳಗೆ. ಬ್ಲೇಡಿನ ನೇರಕ್ಕೆ ನಿಲ್ಲಬಾರದು. ಕೊನೆಯ ಒಂದು ಅಡಿಯನ್ನು ಕೋಲಿನಿಂದ ನೂಕಬೇಕು. ಲುಂಗಿ, ಹೆಗಲ ಟವೆಲ್ ಎರಡೂ ಬೇಡ. ಓಡುವ ಭಾಗಗಳಿಗೆ ಕವರ್ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಹೇಳಿತ್ತು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಕವರ್ ತೆಗೆದು ಮೂಲೆಗೆ ಒರಗಿಸಿದ್ದರು, ಕೆಲಸ ನಿಧಾನ ಆಗುತ್ತೆ ಅಂತ. ಅಂಥ ಕಡೆ ಕೆಲಸ ಕಲಿಯಬೇಡಿ. ಅಲ್ಲಿ ಕಲಿತದ್ದನ್ನು ಆಮೇಲೆ ಬಿಡಿಸುವುದು ಕಷ್ಟ.

ಧೂಳು, ಸದ್ದು ಇವನ್ನೂ ನಮ್ಮವರು ಲೆಕ್ಕಕ್ಕೆ ಇಡುವುದಿಲ್ಲ. ಮರದ ಧೂಳು ಮೂಗಿನ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಮುಖಕ್ಕೆ ಕರವಸ್ತ್ರ ಕಟ್ಟಿದರೆ ಸಾಲದು, ಒಳ್ಳೆ ಮಾಸ್ಕ್ ಬೇಕು. ಕಿವಿಗೆ ಪ್ಲಗ್ ಹಾಕಿದರೆ ಬ್ಲೇಡಿನ ಸದ್ದು ಕೇಳುವುದಿಲ್ಲ ಅನ್ನುತ್ತಾರೆ. ಕೇಳುತ್ತದೆ. ನಾನು ದಿನಾ ಹಾಕುತ್ತೇನೆ, ಕಿರುಗುಟ್ಟಿದರೆ ಗೊತ್ತಾಗಿಯೇ ಆಗುತ್ತದೆ.

ಈಗ ನನ್ನ ಕೈಕೆಳಗಿನ ಹುಡುಗರಿಗೆ ಮೊದಲ ಮಳೆಗಾಲದಲ್ಲೇ ಹಳೇ ಬ್ಲೇಡಿನ ತುಂಡು, ಸೆಟ್ಟಿಂಗ್ ಅಳತೆಯ ಗೇಜು ಕೊಡುತ್ತೇನೆ. ಅದರ ಮೇಲೆ ಕೈ ಕೂತ ಮೇಲೆ ನಿಜವಾದ ಬ್ಲೇಡ್, ಆಮೇಲೆ ಟ್ರಾಲಿ. ಮರ ಗುರುತಿಸುವುದು, ಒಣಗಿಸುವುದು ಇವಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಕೊಡುತ್ತಾರೆ. ಬ್ಲೇಡಿನಲ್ಲಿ ಕೈ ಪಳಗಿದವರು ಹೋಗಿ ಬಂದರೆ ಒಳ್ಳೆಯದು. ಮಾಲೀಕರು ರಜೆ ಕೊಡದಿದ್ದರೆ ಆಷಾಢದಲ್ಲಿ ಕೇಳಿ. ಆಗ ಮಿಲ್ಲಿನಲ್ಲಿ ನಾಟಾ ಕಡಿಮೆ ಇರುತ್ತದೆ, ಕೊಡುತ್ತಾರೆ.